ದೂರ ಎಳೆದು ಬಿಟ್ಟ ಲೋಲಕ: ಕ್ರಿಶ್ಚಿಯನ್ ಹೈಗೆನ್ಸ್ ಬದುಕು

ಈ ವರ್ಷದ ಬೋಧನಾಭ್ಯಾಸದಲ್ಲಿ ನನಗೆ ಸಿಕ್ಕಿದ್ದು ಮೈಸೂರಿಗೆ ಹತ್ತಿರದ ಒಂದು ಸರ್ಕಾರಿ ಶಾಲೆಯ 7ನೇ ತರಗತಿ. ವಿಷಯ ವಿಜ್ಞಾನ, ಘಟಕ ಚಲನೆ ಮತ್ತು ಕಾಲ. ಮೂರನೆಯ ಪಾಠದ ದಿನ ಆಂದೋಲನವನ್ನು ಪರಿಚಯಿಸಬೇಕಿತ್ತು. ಪೂರ್ವಜ್ಞಾನ ಪರೀಕ್ಷಿಸಲು ಆಂದೋಲನ ಎಂದರೇನು ಎಂದು ಕೇಳಿದೆ. ಅದು ತಮ್ಮ ಮನೆಗೆ ಬರುವ ಪೇಪರಿನ ಹೆಸರು ಎಂದು ಒಬ್ಬ ಹುಡುಗ ಹೇಳಿದ. ಜನರೆಲ್ಲ ಬಾವುಟ ಹಿಡಿದು ರಸ್ತೆಯಲ್ಲಿ ಹೋಗುವುದು ಎಂದು ಇನ್ನೊಬ್ಬ ಹೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಇಬ್ಬರ ಉತ್ತರವೂ ತಪ್ಪಲ್ಲ, ಆ ಪದದ ಮೂಲ ಅರ್ಥ ತೂಗಾಟ ಎಂದು ಹೇಳಿ, ತೂಗಾಡುವ ವಸ್ತುಗಳನ್ನು ಹೆಸರಿಸಲು ಹೇಳಿದೆ. ತೊಟ್ಟಿಲು, ಜೋಕಾಲಿ, ಗಂಟೆಯ ನಾಲಗೆ, ಹೊಲಿಗೆ ಯಂತ್ರದ ಸೂಜಿ ಎಲ್ಲವೂ ಬಂದವು. ಒಂದು ನೆಲೆಯ ಆಚೆಗೂ ಈಚೆಗೂ ಹೋಗಿ ಮತ್ತೆ ಮತ್ತೆ ಅದೇ ನೆಲೆಯನ್ನು ಹಾದು ಬರುವ ಚಲನೆಯೇ ಆಂದೋಲನ ಎಂದು ಮಕ್ಕಳೇ ಹೇಳುವ ಹಂತಕ್ಕೆ ಪಾಠ ಚೆನ್ನಾಗಿಯೇ ಬಂತು.

ಬಳಿಕ ಬಾಗಿಲ ಚೌಕಟ್ಟಿನ ಮೇಲಿದ್ದ ಮೊಳೆಗೆ 1 ಮೀಟರ್ ದಾರ ಕಟ್ಟಿ ಅದರ ತುದಿಗೆ ಕಲ್ಲು ಕಟ್ಟಿದೆ. ಸ್ವಲ್ಪ ಎಳೆದು ಬಿಟ್ಟಾಗ 10 ಆಂದೋಲನಗಳಿಗೆ 20 ಸೆಕೆಂಡು ಹಿಡಿಯಿತು. ಲೋಲಕದ ಉದ್ದ ಬದಲಾಗದಿದ್ದರೆ ಎಷ್ಟು ದೂರ ಎಳೆದು ಬಿಟ್ಟರೂ ಒಂದು ಆಂದೋಲನಕ್ಕೆ ಬೇಕಾಗುವ ಕಾಲ ಒಂದೇ ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಮೂರನೆಯ ಸಾಲಿನ ಒಬ್ಬ ಹುಡುಗಿ ಎದ್ದು ಬಂದು ಕಲ್ಲನ್ನು ತುಂಬ ದೂರಕ್ಕೆ ಎಳೆದು ಬಿಟ್ಟಳು. ದಾರ ಸುಮಾರು 60 ಡಿಗ್ರಿಯಷ್ಟು ಓರೆಯಾಗಿದ್ದಿರಬೇಕು. 10 ಆಂದೋಲನಗಳಿಗೆ 21 ಸೆಕೆಂಡು ದಾಟಿತು. ಇನ್ನೊಮ್ಮೆ ಮಾಡಿದಳು, ಮತ್ತೆ ಅಷ್ಟೇ. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕೂತಿದ್ದರು, ಗಂಟೆ ಹೊಡೆಯಲು ಐದು ನಿಮಿಷವಿತ್ತು, ಮೌಲ್ಯಮಾಪನದ ಪ್ರಶ್ನೆಗಳು ಬಾಕಿ ಇದ್ದವು. ಎಣಿಸುವುದರಲ್ಲಿ ತಪ್ಪಾಗಿದೆ, ಕುಳಿತುಕೋ ಎಂದೆ. ಅವಳು ಕುಳಿತಳು. ತರಗತಿ ನಿಯಂತ್ರಣ ಚೆನ್ನಾಗಿದೆ ಎಂದು ಆ ದಿನದ ವೀಕ್ಷಣಾ ಪುಸ್ತಕದಲ್ಲಿ ನನಗೆ ಷರಾ ಬಂತು.

ರಾತ್ರಿ ಆ ಷರಾ ಓದಿದಾಗ ಸಂತೋಷವಾಗಲಿಲ್ಲ. ಎರಡು ಸಲವೂ ಒಂದೇ ರೀತಿ ತಪ್ಪು ಎಣಿಸುವುದು ಹೇಗೆ ಎಂಬ ಪ್ರಶ್ನೆ ಕಾಡಿತು. ಪುಸ್ತಕ ತೆಗೆದು ನೋಡಿದೆ. ಹುಡುಗಿ ತಪ್ಪು ಎಣಿಸಿರಲಿಲ್ಲ. ತಪ್ಪು ನಾನು ಕಪ್ಪುಹಲಗೆಯ ಮೇಲೆ ಬರೆದ ವಾಕ್ಯದಲ್ಲಿತ್ತು. ಅವಳು ಕಂಡ ಆ ಒಂದು ಸೆಕೆಂಡಿನ ವ್ಯತ್ಯಾಸದ ಬೆನ್ನು ಹತ್ತಿ, ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಮನುಷ್ಯ ತನ್ನ ಬದುಕಿನ ಉತ್ತಮ ವರ್ಷಗಳನ್ನು ಕಳೆದಿದ್ದ. ಮುಂದಿನ ವಾರ ನಾನು ಅದೇ ತರಗತಿಗೆ ಅವನ ಕಥೆ ಹೇಳಿದೆ. ಅದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇನೆ.

ಕ್ರಿಶ್ಚಿಯನ್ ಹೈಗೆನ್ಸ್ ಹುಟ್ಟಿದ್ದು 1629ರ ಏಪ್ರಿಲ್ 14ರಂದು, ಹಾಲೆಂಡಿನ ಹೇಗ್ ನಗರದಲ್ಲಿ. ತಂದೆ ಕಾನ್‌ಸ್ಟಂಟೈನ್ ಹೆಸರಾಂತ ಕವಿ, ಸಂಗೀತ ಬಲ್ಲವನು, ಆರೆಂಜ್ ರಾಜಮನೆತನದ ಕಾರ್ಯದರ್ಶಿ. ತತ್ತ್ವಜ್ಞಾನಿ ದೆಕಾರ್ತ್ ಆ ಮನೆಯವರಿಗೆ ಆಪ್ತನಾಗಿದ್ದ. ಕ್ರಿಶ್ಚಿಯನ್‌ಗೆ ಎಂಟು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಹದಿನಾರರವರೆಗೆ ಅವನ ವಿದ್ಯಾಭ್ಯಾಸ ನಡೆದದ್ದು ಮನೆಯಲ್ಲಿಯೇ. ಅನಂತರ ಲೈಡನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಮತ್ತು ಗಣಿತ ಓದಿದ. ಮಗ ರಾಜತಾಂತ್ರಿಕನಾಗಲಿ ಎಂದು ತಂದೆಗೆ ಆಸೆಯಿತ್ತು. ಆದರೆ ಮಗನ ಗಣಿತವನ್ನು ಕಂಡು ಅವನನ್ನು ತನ್ನ ಆರ್ಕಿಮಿಡೀಸ್ ಎಂದು ಕರೆದವನೂ ಆ ತಂದೆಯೇ. ದುಡಿಯಲೇಬೇಕಾದ ಒತ್ತಡವಿಲ್ಲದ ಮನೆ. ಆ ಬಿಡುವನ್ನು ಹೈಗೆನ್ಸ್ ವ್ಯರ್ಥ ಮಾಡಲಿಲ್ಲ.

ಅಣ್ಣನ ಜೊತೆ ಸೇರಿ ಅವನು ಗಾಜು ಉಜ್ಜಿ ಮಸೂರಗಳನ್ನು ತಯಾರಿಸಿದ. ತಾವೇ ಮಾಡಿದ ದೂರದರ್ಶಕದಲ್ಲಿ 1655ರಲ್ಲಿ ಶನಿಗ್ರಹದ ಉಪಗ್ರಹವೊಂದನ್ನು ಕಂಡ. ಇಂದು ನಾವು ಟೈಟನ್ ಎನ್ನುವುದು ಅದನ್ನೇ. ಶನಿಯ ಎರಡೂ ಬದಿಯಲ್ಲಿ ಗೆಲಿಲಿಯೋಗೆ ಕಿವಿಗಳಂತೆ ಕಂಡದ್ದು ಗ್ರಹವನ್ನು ಎಲ್ಲಿಯೂ ಮುಟ್ಟದ ತೆಳುವಾದ ಬಳೆ ಎಂದು 1659ರಲ್ಲಿ ಪುಸ್ತಕ ಬರೆದು ವಿವರಿಸಿದ.

ಆಕಾಶ ನೋಡುವವರಿಗೆ ಒಳ್ಳೆಯ ಗಡಿಯಾರ ಬೇಕು. ಆಗಿನ ಯಾಂತ್ರಿಕ ಗಡಿಯಾರಗಳು ದಿನಕ್ಕೆ ಸುಮಾರು ಕಾಲು ಗಂಟೆ ಹಿಂದೆ ಮುಂದೆ ಆಗುತ್ತಿದ್ದವು. ಲೋಲಕದ ತೂಗಾಟ ಸಮಕಾಲದ್ದು ಎಂದು ಗೆಲಿಲಿಯೋ ಮೊದಲೇ ಹೇಳಿದ್ದ. ಕಣ್ಣು ಕಾಣದ ಮುಪ್ಪಿನಲ್ಲಿ, 1641ರಲ್ಲಿ, ಲೋಲಕದಿಂದ ಗಡಿಯಾರ ನಡೆಸುವ ಒಂದು ಯೋಜನೆಯನ್ನು ಮಗನಿಗೆ ವಿವರಿಸಿದ್ದ. ಮರುವರ್ಷ ಗೆಲಿಲಿಯೋ ತೀರಿಕೊಂಡ, ಗಡಿಯಾರವನ್ನು ಪೂರ್ಣಗೊಳಿಸದೆ ಮಗನೂ ಕೆಲವು ವರ್ಷಗಳಲ್ಲಿ ತೀರಿಕೊಂಡ. ಈ ಯೋಜನೆ ತಿಳಿಯದ ಹೈಗೆನ್ಸ್ 1656ರ ಡಿಸೆಂಬರಿನಲ್ಲಿ ತನ್ನದೇ ಲೋಲಕದ ಗಡಿಯಾರವನ್ನು ರೂಪಿಸಿದ. ಹೇಗ್ ನಗರದ ಗಡಿಯಾರ ತಯಾರಕ ಸಾಲೊಮನ್ ಕಾಸ್ಟರ್‌ಗೆ 1657ರಲ್ಲಿ ಅದರ ತಯಾರಿಕೆಯ ಹಕ್ಕು ಸಿಕ್ಕಿತು.

ಅದು ಕೆಲಸ ಮಾಡುವ ರೀತಿಯನ್ನು ಮಕ್ಕಳಿಗೆ ಹೀಗೆ ಹೇಳಬಹುದು. ತೂಗುಬಿಟ್ಟ ಭಾರ ಹಲ್ಲಿನ ಚಕ್ರವನ್ನು ತಿರುಗಿಸಲು ಎಳೆಯುತ್ತಲೇ ಇರುತ್ತದೆ. ಲೋಲಕ ಬಾಗಿಲು ಕಾಯುವವನಂತೆ. ಒಂದು ಸಲ ಹೋಗಿ ಬಂದರೆ ಚಕ್ರದ ಒಂದು ಹಲ್ಲನ್ನು ಮಾತ್ರ ಮುಂದೆ ಬಿಡುತ್ತದೆ. ಮುಂದೆ ಹೋಗುವ ಹಲ್ಲು ಲೋಲಕಕ್ಕೆ ಒಂದು ಸಣ್ಣ ತಳ್ಳು ಕೊಟ್ಟು ಹೋಗುತ್ತದೆ, ಆದ್ದರಿಂದ ತೂಗಾಟ ನಿಲ್ಲುವುದಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಎಂದರೆ ಹಲ್ಲು ತಡೆಗೆ ಬಡಿಯುವ ಸದ್ದು. ದಿನಕ್ಕೆ ಸುಮಾರು 15 ನಿಮಿಷ ಇದ್ದ ತಪ್ಪು ಸುಮಾರು 15 ಸೆಕೆಂಡಿಗೆ ಇಳಿಯಿತು. ಇಪ್ಪತ್ತೇಳು ವರ್ಷದ ಯುವಕನೊಬ್ಬನ ಕೈಯಲ್ಲಿ ಆದ ಕೆಲಸ ಇದು. ಗೆಲಿಲಿಯೋನ ವಿಚಾರವನ್ನು ಕದ್ದಿದ್ದಾನೆ ಎಂಬ ಮಾತು ಇಟಲಿಯಿಂದ ಬಂದಾಗ ಅವನಿಗೆ ನೋವಾಯಿತು. ತನಗೆ ಅದು ತಿಳಿದಿರಲಿಲ್ಲ ಎಂದು ವಿವರಿಸಿದ.

ಇಲ್ಲಿಗೆ ನಿಂತಿದ್ದರೂ ಹೈಗೆನ್ಸ್ ಹೆಸರು ಉಳಿಯುತ್ತಿತ್ತು. ಆದರೆ ನನ್ನ ತರಗತಿಯ ಹುಡುಗಿ ಕಂಡದ್ದನ್ನು ಅವನೂ ಕಂಡಿದ್ದ. ಆ ಕಾಲದ ಗಡಿಯಾರದ ರಚನೆ ಎಂಥದ್ದೆಂದರೆ ಲೋಲಕ ತುಂಬ ಅಗಲವಾಗಿ ತೂಗುತ್ತಿತ್ತು. ಎಣ್ಣೆ ಗಟ್ಟಿಯಾದರೆ ತೂಗಾಟದ ಹರವು ತಗ್ಗುತ್ತಿತ್ತು, ಹರವು ಬದಲಾದರೆ ಕಾಲವೂ ಬದಲಾಗುತ್ತಿತ್ತು. ದೂರ ಎಳೆದು ಬಿಟ್ಟ ಲೋಲಕ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ಮೆರ್ಸೆನ್ ಎಂಬ ಪಾದ್ರಿ ಅದಕ್ಕೂ ಮೊದಲೇ ಗಮನಿಸಿದ್ದ. ಗೆಲಿಲಿಯೋನ ಮಾತು ಹತ್ತಿರದ ಸತ್ಯ, ಪೂರ್ಣ ಸತ್ಯವಲ್ಲ. ಎಷ್ಟು ವ್ಯತ್ಯಾಸ? ಲಂಬದಿಂದ 10 ಡಿಗ್ರಿ ಸರಿಸಿ ಬಿಟ್ಟರೆ ಕಾಲ ಶೇಕಡ 0.2ರಷ್ಟು ಹೆಚ್ಚುತ್ತದೆ, 30 ಡಿಗ್ರಿಗೆ ಶೇಕಡ 1.7, 60 ಡಿಗ್ರಿಗೆ ಶೇಕಡ 7. ಒಂದು ದಿನದಲ್ಲಿ 86,400 ಸೆಕೆಂಡುಗಳಿವೆ. ಅದರಲ್ಲಿ ಶೇಕಡ 0.2 ಎಂದರೂ ಸುಮಾರು ಮೂರು ನಿಮಿಷವಾಗುತ್ತದೆ.

ಹೈಗೆನ್ಸ್ ಮೊದಲು ದಾರದ ಮೇಲ್ತುದಿಯ ಎರಡೂ ಬದಿಗೆ ಬಾಗಿಸಿದ ಲೋಹದ ತಗಡುಗಳನ್ನಿಟ್ಟು ನೋಡಿದ. ಲೋಲಕ ದೂರ ಹೋದಂತೆ ದಾರ ತಗಡಿಗೆ ಒರಗುತ್ತದೆ, ತೂಗುವ ಭಾಗ ಗಿಡ್ಡವಾಗುತ್ತದೆ, ಗಿಡ್ಡ ಲೋಲಕ ಬೇಗ ಮರಳುತ್ತದೆ. ಆದರೆ ತಗಡನ್ನು ಎಷ್ಟು ಬಾಗಿಸಬೇಕು? ಇದನ್ನು ಅಂದಾಜಿಗೆ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಯಾವ ದಾರಿಯಲ್ಲಿ ತೂಗಿದರೆ ಹರವು ಎಷ್ಟೇ ಇದ್ದರೂ ಕಾಲ ನಿಜವಾಗಿಯೂ ಒಂದೇ ಆಗಿರುತ್ತದೆ ಎಂದು ಗಣಿತದಲ್ಲಿ ಹುಡುಕಲು ಹೊರಟ. 1659ರ ಡಿಸೆಂಬರಿನಲ್ಲಿ ಉತ್ತರ ಸಿಕ್ಕಿತು. ಅದು ವೃತ್ತದ ಕಂಸವಲ್ಲ, ಚಕ್ರಜ. ಸೈಕಲ್ ಚಕ್ರದ ಅಂಚಿಗೆ ಸೀಮೆಸುಣ್ಣ ಕಟ್ಟಿ ಗೋಡೆಯ ಪಕ್ಕದಲ್ಲಿ ಉರುಳಿಸಿದರೆ ಗೋಡೆಯ ಮೇಲೆ ಮೂಡುವ ಕಮಾನೇ ಚಕ್ರಜ. ಅದನ್ನು ತಲೆಕೆಳಗು ಮಾಡಿದರೆ ಬೋಗುಣಿಯ ಆಕಾರ. ಆ ಬೋಗುಣಿಯ ಅಂಚಿನಿಂದ ಒಂದು ಮಣಿ, ತಳದ ಹತ್ತಿರದಿಂದ ಇನ್ನೊಂದು ಮಣಿಯನ್ನು ಒಟ್ಟಿಗೆ ಜಾರಬಿಟ್ಟರೆ, ಘರ್ಷಣೆ ಇಲ್ಲದಿದ್ದಾಗ, ಎರಡೂ ಒಂದೇ ಕ್ಷಣಕ್ಕೆ ತಳ ಸೇರುತ್ತವೆ.

ಕಾರಣ ಸರಳ. ತಳದಿಂದ ದಾರಿಯುದ್ದಕ್ಕೂ ಎರಡು ಪಟ್ಟು ದೂರವಿದ್ದ ಮಣಿಗೆ ಮರಳುವ ಎಳೆತವೂ ಸರಿಯಾಗಿ ಎರಡು ಪಟ್ಟು ಇರುತ್ತದೆ. ವೃತ್ತದ ದಾರಿಯಲ್ಲಿ ದೂರ ಹೆಚ್ಚಿದಷ್ಟು ಎಳೆತ ಹೆಚ್ಚುವುದಿಲ್ಲ, ಆದ್ದರಿಂದ ತಡವಾಗುತ್ತದೆ. ಲೋಲಕವನ್ನು ಚಕ್ರಜದ ದಾರಿಯಲ್ಲಿ ನಡೆಸಲು ಆ ತಗಡುಗಳನ್ನೂ ಚಕ್ರಜದ ಆಕಾರಕ್ಕೇ ಬಾಗಿಸಬೇಕು ಎಂದೂ ಅವನು ಸಾಧಿಸಿದ. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟಾಗುತ್ತದೆ ಎಂದು ನಾವು ಕಲಿಸುವ ನಿಯಮಕ್ಕೆ ಗಟ್ಟಿಯಾದ ಬುನಾದಿ ಸಿಕ್ಕಿದ್ದೂ ಈ ಕೆಲಸದಿಂದಲೇ. ಅದೇ ಲೆಕ್ಕದಿಂದ, ಬೀಳುವ ವಸ್ತುವಿನ ವೇಗ ಎಷ್ಟು ಬೇಗ ಹೆಚ್ಚುತ್ತದೆ ಎಂಬುದನ್ನು ಇಂದಿನ 9.8ಕ್ಕೆ ತೀರ ಹತ್ತಿರವಾಗಿ ಅಳೆದ.

ಅವನ ಆರೋಗ್ಯ ಎಂದೂ ಗಟ್ಟಿಯಾಗಿರಲಿಲ್ಲ. 1665ರ ಫೆಬ್ರುವರಿಯಲ್ಲಿ ಜ್ವರ ಬಂದು ಕೋಣೆಯಲ್ಲೇ ಉಳಿದಿದ್ದಾಗ ಎದುರಿಗೆ ಒಂದೇ ತೊಲೆಗೆ ತೂಗುಹಾಕಿದ್ದ ಎರಡು ಗಡಿಯಾರಗಳನ್ನು ನೋಡುತ್ತಿದ್ದ. ಒಂದರ ಲೋಲಕ ಎಡಕ್ಕೆ ಹೋದಾಗ ಇನ್ನೊಂದರದು ಬಲಕ್ಕೆ ಹೋಗುತ್ತಿತ್ತು, ಎಷ್ಟು ಹೊತ್ತಾದರೂ ಆ ಜೊತೆ ತಪ್ಪುತ್ತಿರಲಿಲ್ಲ. ಬೇಕೆಂದೇ ಹೊಂದಾಣಿಕೆ ಕೆಡಿಸಿದ. ಸುಮಾರು ಅರ್ಧ ಗಂಟೆಯಲ್ಲಿ ಮತ್ತೆ ಜೊತೆಯಾದವು. ನಡುವಿನ ಗಾಳಿ ಕಾರಣವಿರಬಹುದೆಂದು ಮೊದಲು ಭಾವಿಸಿ, ಪರೀಕ್ಷಿಸಿ, ಆ ಊಹೆಯನ್ನು ಕೈಬಿಟ್ಟ. ಕಣ್ಣಿಗೆ ಕಾಣದಷ್ಟು ಅಲುಗುವ ತೊಲೆಯ ಮೂಲಕ ಒಂದರ ತೂಗಾಟ ಇನ್ನೊಂದಕ್ಕೆ ತಲುಪುತ್ತಿದೆ ಎಂದು ಕಂಡುಕೊಂಡ. ಹೃದಯದ ಜೀವಕೋಶಗಳು ಒಟ್ಟಿಗೆ ಮಿಡಿಯುವುದು, ಮಿಂಚುಹುಳುಗಳು ಒಟ್ಟಿಗೆ ಮಿನುಗುವುದು ಮುಂತಾದವನ್ನು ಅರಿಯಲು ವಿಜ್ಞಾನಿಗಳು ಇಂದಿಗೂ ಆ ಎರಡು ಗಡಿಯಾರಗಳನ್ನು ನೆನೆಯುತ್ತಾರೆ. ತನ್ನ ಮೊದಲ ವಿವರಣೆಯನ್ನು ತಾನೇ ಅಳಿಸುವ ಆ ಗುಣವನ್ನು ನಾನು ಮಕ್ಕಳಿಗೆ ಎತ್ತಿ ಹೇಳಿದೆ. ಹೇಳುವಾಗ ನನ್ನ ದನಿ ಸ್ವಲ್ಪ ತಗ್ಗಿತ್ತು.

1666ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಪ್ಯಾರಿಸ್ಸಿನಲ್ಲಿ ವಿಜ್ಞಾನ ಅಕಾಡೆಮಿ ಸ್ಥಾಪಿಸಿದಾಗ ಹೈಗೆನ್ಸ್ ಅದರ ಮುಂಚೂಣಿಯ ಸದಸ್ಯನಾಗಿ ಅಲ್ಲಿಗೆ ಹೋದ. 1672ರಲ್ಲಿ ಅದೇ ದೊರೆಯ ಸೈನ್ಯ ಹಾಲೆಂಡಿನ ಮೇಲೆ ದಂಡೆತ್ತಿ ಹೋಯಿತು. ತಂದೆಯೂ ಅಣ್ಣನೂ ಆರೆಂಜ್ ರಾಜಕುಮಾರನ ಸೇವೆಯಲ್ಲಿದ್ದರು, ಇವನು ಶತ್ರುವಿನ ರಾಜಧಾನಿಯಲ್ಲಿದ್ದ. ಮರುವರ್ಷ, 1673ರಲ್ಲಿ, ಅವನ ಮಹಾಕೃತಿ ಆಂದೋಲನ ಗಡಿಯಾರ ಪ್ಯಾರಿಸ್ಸಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಅಚ್ಚಾಯಿತು. ಅದನ್ನು ಅರ್ಪಿಸಿದ್ದು ಆ ದೊರೆಗೇ. ಎರಡು ನೆಲೆಗಳ ನಡುವೆ ಆ ಮನಸ್ಸು ಹೇಗೆ ತೂಗಿರಬೇಕು ಎಂದು ಓದುವಾಗ ನನಗೆ ಅನಿಸಿತು.

ಅವನ ದೊಡ್ಡ ಕನಸು ಸಮುದ್ರದ ಗಡಿಯಾರ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹೊರಟ ಬಂದರಿನ ಸಮಯವನ್ನು ತಪ್ಪದೆ ಹೇಳುವ ಗಡಿಯಾರ ಹಡಗಿನಲ್ಲಿದ್ದರೆ, ಅದನ್ನು ಅಲ್ಲಿನ ಸೂರ್ಯನ ಸಮಯಕ್ಕೆ ಹೋಲಿಸಿ ಹಡಗು ಯಾವ ರೇಖಾಂಶದಲ್ಲಿದೆ ಎಂದು ತಿಳಿಯಬಹುದು. ಅದು ತಿಳಿಯದೆ ಹಡಗುಗಳು ಬಂಡೆಗೆ ಬಡಿದು ಜನ ಸಾಯುತ್ತಿದ್ದರು. 1660ರ ದಶಕದಿಂದ ಹಿಡಿದು, 1686–87ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಗುಡ್ ಹೋಪ್ ಭೂಶಿರದವರೆಗೆ ಕಳುಹಿಸಿದ ಗಡಿಯಾರಗಳ ತನಕ, ಅವನು ಪ್ರಯತ್ನ ಬಿಡಲಿಲ್ಲ. ಆದರೆ ಹಡಗೇ ತೂಗಾಡುವಾಗ ಲೋಲಕದ ಲೆಕ್ಕ ಉಳಿಯುವುದು ಕಷ್ಟ. 1675ರಲ್ಲಿ ಸುರುಳಿ ಸ್ಪ್ರಿಂಗಿನಿಂದ ಆಂದೋಲಿಸುವ ಗಡಿಯಾರವನ್ನು ಪ್ರಕಟಿಸಿದ. ಅದು ತನ್ನ ವಿಚಾರ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಜಗಳಕ್ಕೆ ಬಂದ. ಕೀ ಕೊಡುವ ಕೈಗಡಿಯಾರಗಳಲ್ಲಿ ಈಗಲೂ ಮಿಡಿಯುವುದು ಅಂಥ ಸ್ಪ್ರಿಂಗೇ. ಸಮುದ್ರದ ಸಮಸ್ಯೆಯನ್ನು ಮುಂದಿನ ಶತಮಾನದಲ್ಲಿ ಜಾನ್ ಹ್ಯಾರಿಸನ್ ಬಿಡಿಸಿದ, ಅದೂ ಲೋಲಕವನ್ನು ಬಿಟ್ಟು.

ಈ ನಡುವೆ 1672ರಲ್ಲಿ ದಕ್ಷಿಣ ಅಮೆರಿಕದ ಕೇಯೆನ್‌ಗೆ ಹೋಗಿದ್ದ ಫ್ರಾನ್ಸಿನ ಖಗೋಳಜ್ಞ ರಿಷೆ, ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಲೋಲಕ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತದೆ ಎಂದು ಕಂಡ. ಹಾಗಾದರೆ ಸಮಭಾಜಕದ ಹತ್ತಿರ ಗುರುತ್ವ ಕಡಿಮೆ. ಭೂಮಿ ತಿರುಗುವುದೇ ಅದಕ್ಕೆ ಕಾರಣ, ಭೂಮಿ ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕು ಎಂದು ಹೈಗೆನ್ಸ್ ವಾದಿಸಿದ. ಒಂದು ಗುಂಡು ಮತ್ತು ದಾರ ಭೂಮಿಯ ಆಕಾರವನ್ನೇ ಹೇಳಿತು.

1681ರಲ್ಲಿ ಮತ್ತೆ ಕಾಯಿಲೆ ಬಿದ್ದು ಊರಿಗೆ ಮರಳಿದ. 1683ರಲ್ಲಿ ಕೋಲ್ಬೇರ್ ಸತ್ತ, 1685ರಲ್ಲಿ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರಿಗಿದ್ದ ರಕ್ಷಣೆ ಹೋಯಿತು. ಪ್ಯಾರಿಸ್ಸಿನ ಬಾಗಿಲು ಅವನಿಗೆ ಮತ್ತೆ ತೆರೆಯಲಿಲ್ಲ. 1690ರಲ್ಲಿ ಬೆಳಕು ಅಲೆಯಾಗಿ ಹರಡುತ್ತದೆ ಎಂಬ ಪುಸ್ತಕ ಪ್ರಕಟಿಸಿದ. ಆಶ್ಚರ್ಯವೆಂದರೆ, ಆಂದೋಲನವನ್ನು ಅಷ್ಟು ಬಲ್ಲವನು ಬೆಳಕಿನ ಅಲೆಗಳು ಸಮಕಾಲದಲ್ಲಿ ಒಂದರ ಹಿಂದೆ ಒಂದು ಬರುತ್ತವೆ ಎಂದು ಹೇಳಲಿಲ್ಲ. ಅದು ಮುಂದಿನವರಿಗೆ ಉಳಿಯಿತು. ಮದುವೆಯಾಗದೆ ಬಾಳಿದ ಹೈಗೆನ್ಸ್ 1695ರ ಜುಲೈ 8ರಂದು ಹೇಗ್ ನಗರದಲ್ಲಿಯೇ ತೀರಿಕೊಂಡ. ಅವನ ಹೆಸರಿನ ನೌಕೆಯೊಂದು 2005ರ ಜನವರಿ 14ರಂದು ಅವನೇ ಕಂಡುಹಿಡಿದ ಟೈಟನ್ ಮೇಲೆ ಇಳಿಯಿತು.

ಅವನ ಚಕ್ರಜದ ತಗಡುಗಳು ಏನಾದವು? ಗಡಿಯಾರದವರು ಅವನ್ನು ಬೇಗ ಬಿಟ್ಟುಬಿಟ್ಟರು. ಲೋಲಕ ಕೆಲವೇ ಡಿಗ್ರಿ ತೂಗಿದರೆ ಸಾಕಾಗುವ ಹೊಸ ರಚನೆ ಬಂತು. ಅಷ್ಟು ಚಿಕ್ಕ ತೂಗಾಟದಲ್ಲಿ ವೃತ್ತಕ್ಕೂ ಚಕ್ರಜಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಲೋಲಕವನ್ನು ಸ್ವಲ್ಪ ಮಾತ್ರ ಸರಿಸಿ ಬಿಡಬೇಕು ಎಂದು ನಾವು ಪುಸ್ತಕದಲ್ಲಿ ಓದುವ ಆ ಸ್ವಲ್ಪ ಎಂಬ ಪದದ ಹಿಂದೆ ಇಷ್ಟೆಲ್ಲ ಇದೆ. ನಾನು ಕಪ್ಪುಹಲಗೆಯ ಮೇಲೆ ಬಿಟ್ಟದ್ದು ಆ ಒಂದು ಪದವನ್ನು.

ಕಥೆ ಮುಗಿದ ಮೇಲೆ ಹಿಂದಿನ ವಾರದ ವಾಕ್ಯವನ್ನು ಮತ್ತೆ ಬರೆದು, ಅದು ತಪ್ಪು, ತಪ್ಪು ನನ್ನದು ಎಂದು ಹೇಳಿ ಅಳಿಸಿದೆ. ಮಕ್ಕಳನ್ನು ಮೂರು ಗುಂಪು ಮಾಡಿ 10, 30, 60 ಡಿಗ್ರಿಗಳಿಂದ ಬಿಟ್ಟು ಎಣಿಸಲು ಹೇಳಿದೆ. ಮೊದಲ ಗುಂಪಿಗೆ ವ್ಯತ್ಯಾಸ ಸಿಗಲಿಲ್ಲ, ಎರಡನೆಯದಕ್ಕೆ ಅನುಮಾನ ಬಂತು, ಮೂರನೆಯದಕ್ಕೆ ಸ್ಪಷ್ಟವಾಗಿ ಕಂಡಿತು. ಚಿಕ್ಕ ತೂಗಾಟಗಳಿಗೆ ಕಾಲ ಹೆಚ್ಚುಕಡಿಮೆ ಒಂದೇ, ದೊಡ್ಡ ತೂಗಾಟಕ್ಕೆ ಹೆಚ್ಚು ಎಂಬ ಹೊಸ ವಾಕ್ಯವನ್ನು ಮಕ್ಕಳೇ ಹೇಳಿದರು.

ಇಷ್ಟಾದರೂ ಆ ಹುಡುಗಿ ಕೈ ಎತ್ತಲಿಲ್ಲ. ತರಗತಿ ಮುಗಿದ ಮೇಲೆ ನನ್ನ ಬಳಿ ಬಂದು ನೋಟ್‌ಬುಕ್ಕಿನ ಕೊನೆಯ ಹಾಳೆ ತೋರಿಸಿದಳು. ನಾನು ಕುಳಿತುಕೋ ಎಂದ ದಿನ ಸಂಜೆಯೇ ದನದ ಕೊಟ್ಟಿಗೆಯ ತೊಲೆಗೆ ದಾರ ಕಟ್ಟಿ, ಗೋಡೆ ಗಡಿಯಾರ ನೋಡಿಕೊಂಡು ತಮ್ಮನಿಂದ ಎಣಿಸಿದ್ದಳು. ಹತ್ತಿರ ಎಳೆದಾಗ ಐದು ಅಳತೆ, ದೂರ ಎಳೆದಾಗ ಐದು ಅಳತೆ. ಐದೂ ಸಲ ದೂರದ್ದೇ ಹೆಚ್ಚು. ಅವಳು ನನ್ನ ಮಾತನ್ನು ನಂಬಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಸಮಾಧಾನವೂ ಆಯಿತು. ನಂಬಿದ್ದರೆ ಆ ಹಾಳೆ ಖಾಲಿಯಾಗಿ ಉಳಿಯುತ್ತಿತ್ತು.

ಈ ಪಾಠವನ್ನು ಮುಂದೆ ಮಾಡುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಒಂದು ಮಾತು. ಪಾಠಯೋಜನೆಯಲ್ಲಿ ಮೌಲ್ಯಮಾಪನಕ್ಕೆ ಮೊದಲು ಐದು ನಿಮಿಷ ಖಾಲಿ ಬಿಡಿ. ಯಾರಾದರೂ ಲೋಲಕವನ್ನು ದೂರ ಎಳೆದು ಬಿಟ್ಟರೆ ಎಣಿಸಲು ಅಷ್ಟು ಹೊತ್ತು ಬೇಕಾಗುತ್ತದೆ.